ಹಸಿರು ತಟ್ಟೆಯ ಮೇಲೆ ಪುಟ್ಟಬಸವಯ್ಯನವರ ಸಿಟ್ಟು

ನಂಜನಗೂಡಿನ ನಿವೃತ್ತ ಪಿ.ಟಿ. ಮೇಷ್ಟ್ರು ಪುಟ್ಟಬಸವಯ್ಯನವರಿಗೆ ಸಿಟ್ಟು ಬರಲು ಕಾರಣವೇ ಬೇಕಿಲ್ಲ ಎಂದು ಊರವರು ಹೇಳುತ್ತಾರೆ. ಇದು ಶುದ್ಧ ಸುಳ್ಳು. ಕಾರಣವಿಲ್ಲದೆ ಅವರು ಒಮ್ಮೆಯೂ ಸಿಟ್ಟಾದವರಲ್ಲ. ಕಾರಣ ಒದಗಿಸುವುದರಲ್ಲಿ ಈ ಊರು ಎಂದೂ ಜಿಪುಣತನ ತೋರಲಿಲ್ಲ, ಅಷ್ಟೇ. ಶಾಲೆಯ ಮೈದಾನವನ್ನು ಯಾರದೋ ಮದುವೆಯ ಕಾರು ನಿಲ್ಲಿಸಲು ಬಿಟ್ಟುಕೊಟ್ಟಾಗ ಅವರು ಮೈದಾನದ ನಡುವೆ ಕುರ್ಚಿ ಹಾಕಿಕೊಂಡು ಕೂತು, ಒಳಗೆ ಬಂದ ಪ್ರತಿ ಕಾರಿಗೂ ವಿಷಲ್ ಊದಿದರು. ಮದುಮಗನ ಕಾರಿಗೂ ಊದಿದರು. ಒಂದು ಸಲ ಕಬಡ್ಡಿಯಲ್ಲಿ ಅಂಪೈರ್ ತಮ್ಮ ಹುಡುಗಿಯರ ಪರವಾಗಿ ಮೋಸ ಮಾಡಿದನೆಂದು ಗೊತ್ತಾಗಿ, ಗೆದ್ದ ಕಪ್ಪನ್ನು ವಾಪಸ್ಸು ಕೊಟ್ಟು ಬಂದರು. ಮಕ್ಕಳು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತವು. ತಪ್ಪು ಎಲ್ಲಿದೆಯೋ ಅಲ್ಲಿ ಬೆರಳಿಟ್ಟು ತೋರಿಸಬೇಕು, ಅದು ತನ್ನ ಮನೆಯಲ್ಲಿದ್ದರೂ ಸರಿ ಎನ್ನುವುದು ಅವರ ಧರ್ಮ.

ಇಂಥವರು ಅರವತ್ತು ದಾಟಿದ ಮೇಲೆ ಡಿಸ್ಕ್ ಗಾಲ್ಫಿಗೆ ಬಿದ್ದರು. ಬೀಳಿಸಿದವಳು ಕವನ. ಅಂದು ಬಸ್ಸಿನಲ್ಲಿ ಎಲ್ಲರಿಗಿಂತ ಜೋರಾಗಿ ಅತ್ತವಳು ಅವಳೇ. ಹಾಸ್ಟೆಲಿನಲ್ಲಿದ್ದುಕೊಂಡು ನಂಜನಗೂಡಿನಲ್ಲಿ ಓದಿ, ಈಗ ಟಿ. ನರಸೀಪುರದ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದಾಳೆ. ಎಲ್ಲೋ ತರಬೇತಿಗೆ ಹೋದವಳು ಈ ಆಟ ಕಲಿತು ಬಂದು, ಪಕ್ಕದ ಸೋಸಲೆಯಲ್ಲಿ ನಾಗೇಂದ್ರ ಎಂಬವನ ತೆಂಗಿನ ತೋಟದಲ್ಲಿ ಕಬ್ಬಿಣದ ಕಂಬ ನೆಡಿಸಿ, ಅದಕ್ಕೆ ಸೈಕಲ್ ರಿಮ್ಮು ಕೂರಿಸಿ, ಸರಪಳಿ ಇಳಿಬಿಟ್ಟು, ಕೆಳಗೆ ಬುಟ್ಟಿ ಕಟ್ಟಿದಳು. ಪ್ಲಾಸ್ಟಿಕ್ ತಟ್ಟೆಯನ್ನು ಎಸೆಯುತ್ತ ಹೋಗಿ ಕೊನೆಗೆ ಬುಟ್ಟಿಗೆ ಬೀಳಿಸಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದಂತೆ. ದೂರ ಹೋಗಲು ತೆಳು ಅಂಚಿನ ತಟ್ಟೆ ಬೇರೆ, ಹತ್ತಿರದಿಂದ ಬುಟ್ಟಿಗೆ ಹಾಕಲು ದಪ್ಪ ಅಂಚಿನ ತಟ್ಟೆ ಬೇರೆ. ಈ ಎರಡನೆಯದಕ್ಕೆ ಪಟ್ಟರ್ ಎನ್ನುತ್ತಾರೆ.

"ತಟ್ಟೆ ಎಸೆಯೋದೂ ಒಂದು ಆಟನಾ? ನಮ್ಮನೇಲಿ ನಾನು ದಿನಾ ಎಸಿತಿದ್ದೆ, ಸಾರಿಗೆ ಉಪ್ಪು ಜಾಸ್ತಿ ಆದಾಗ," ಎಂದು ಮೊದಲ ದಿನ ಮೇಷ್ಟ್ರು ಮೂಗು ಮುರಿದರು. ಎರಡನೆಯ ವಾರ ಬೆಳಗಿನ ಮೊದಲ ಬಸ್ಸಿಗೇ ಬಂದು ತೋಟದ ಗೇಟಿನ ಮುಂದೆ ನಿಂತಿದ್ದರು.

ಒಳ್ಳೆಯ ಪಟ್ಟರ್ ಹೇಗಿರಬೇಕೆಂದು ಅವರನ್ನು ಕೇಳಬೇಕು. ಕೈಬಿಟ್ಟ ಮೇಲೆ ನೇರ ಹೋಗಬೇಕು. ಅವಸರ ಪಡಬಾರದು. ಎದುರು ಗಾಳಿ ಬಂದರೆ ತಲೆ ಎತ್ತಬಾರದು. ಕಸುವು ತೀರುವ ಹೊತ್ತಿಗೆ ಎಡಕ್ಕೆ ಒಂದಿಷ್ಟೇ ವಾಲಿ, ದಣಿದ ಹಸು ಮಲಗುವ ಹಾಗೆ ನೆಲಕ್ಕೆ ಇಳಿಯಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಇವತ್ತು ಹೇಗೆ ಹೋಯಿತೋ ನಾಳೆಯೂ ಹಾಗೇ ಹೋಗಬೇಕು. "ಮನುಷ್ಯ ಮಾತು ತಪ್ತಾನೆ. ವಸ್ತು ತಪ್ಪಬಾರ್ದು," ಎನ್ನುತ್ತಿದ್ದರು.

ಅವರ ಮೊದಲ ಪಟ್ಟರ್ ಕಿತ್ತಳೆ ಬಣ್ಣದ್ದು. ಅದು ಮೂರು ವರ್ಷ ಮಾತು ತಪ್ಪಲಿಲ್ಲ. ಆಮೇಲೆ ತಪ್ಪತೊಡಗಿತು. ಬುಟ್ಟಿಯ ಮುಂದೆ ನಿಂತು ಹಾಕಿದರೂ ಸರಪಳಿಯ ಅಂಚಿಗೆ ತಾಗಿ ಆಚೆ ಬೀಳುತ್ತಿತ್ತು. ಅಂಚು ಸವೆದಿದೆ, ಇದಕ್ಕೆ ವಯಸ್ಸಾಯಿತು ಎಂದು ಮೇಷ್ಟ್ರು ತೀರ್ಪು ಕೊಟ್ಟು, ಕೋಪದಲ್ಲಿ ಅದನ್ನು ತೋಟದ ಪಕ್ಕದ ಕಾವೇರಿಗೆ ಎಸೆದರು. ನದಿಗೆ ಪ್ಲಾಸ್ಟಿಕ್ ಹಾಕಬಾರದೆಂದು ಮಕ್ಕಳಿಗೆ ಹೇಳಿಕೊಟ್ಟವರು ತಾವೇ ಎಂಬುದು ನೆನಪಾಗಿ, ಪ್ಯಾಂಟು ಮಡಚಿಕೊಂಡು ನೀರಿಗಿಳಿದು ಅದನ್ನು ವಾಪಸ್ಸು ತಂದದ್ದೂ ಅವರೇ. ಬೆಂಗಳೂರಿನ ಒಂದು ಅಂಗಡಿಗೆ ಫೋನು ಮಾಡಿ ಹೊಸದನ್ನು ತರಿಸಿದರು. ಹಸಿರು ಬಣ್ಣ, ಹಿಡಿದರೆ ಮೆತ್ತಗೆ, ಮೇಲೆ ಮಿಂಚುವ ಅಕ್ಷರ. ಎಷ್ಟು ಸಲ ಎಸೆದರೂ ಒಂದೇ ದಾರಿ ಹಿಡಿಯುವ ತಟ್ಟೆ ಎಂದು ಡಬ್ಬಿಯ ಮೇಲೆ ಬರೆದಿತ್ತು.

ಒಂದೇ ದಾರಿಯಂತೆ. ಆ ಹಸಿರು ತಟ್ಟೆ ಒಂದು ಸಲ ಎಡಕ್ಕೆ ಹೋಯಿತು. ಅದೇ ಜಾಗದಲ್ಲಿ ನಿಂತು ಮತ್ತೆ ಎಸೆದರೆ ಬಲಕ್ಕೆ ಹೋಯಿತು. ಮತ್ತೊಮ್ಮೆ ಎಸೆದರೆ ಮೂಗು ಕೆಳಗೆ ಮಾಡಿ ಬುಟ್ಟಿಯ ಬುಡಕ್ಕೇ ಗುದ್ದಿತು. ನಂಜನಗೂಡಿನವರಿಗೂ ನರಸೀಪುರದವರಿಗೂ ಭಾನುವಾರ ಪಂದ್ಯ ನಡೆದಾಗ ಕೊನೆಯ ಬುಟ್ಟಿ ಮೇಷ್ಟ್ರ ಪಾಲಿಗೆ ಬಂತು. ಪಕ್ಕದ ಮನೆಯ ಅಜ್ಜಿಯೂ ಹಾಕಬಹುದಾದಷ್ಟು ಹತ್ತಿರ. ತಪ್ಪಿತು. ಮತ್ತೆ ತಪ್ಪಿತು. ನಂಜನಗೂಡು ಸೋತಿತು.

"ಈ ತಟ್ಟೆನೇ ಸರಿಯಿಲ್ಲ," ಎಂದರು ಮೇಷ್ಟ್ರು.

ತೋಟದ ನಾಗೇಂದ್ರ ಎಳನೀರು ಕೊಚ್ಚುತ್ತ ಕೂತಿದ್ದ. "ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ, ಅಂಗಾಯ್ತು ಬುಡಿ ಮೇಷ್ಟ್ರೇ," ಎಂದ. ಎಲ್ಲರೂ ನಕ್ಕರು. ಕವನ ಮಾತ್ರ ನಗಲಿಲ್ಲ.

ಮೇಷ್ಟ್ರು ಎಳನೀರು ಮುಟ್ಟದೆ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಮೈ ಉರಿಯುತ್ತಿತ್ತು. ನಲವತ್ತು ವರ್ಷ ಮಕ್ಕಳಿಗೆ ಗುರಿ ಕಲಿಸಿದವನಿಗೆ ಈ ತೆಂಗಿನಕಾಯಿ ಮಾರುವವನು ಗಾದೆ ಹೇಳುವುದೆ? ಅವರ ಬಲಗೈ ಜೇಬಿನೊಳಗಿತ್ತು, ಮುಷ್ಟಿ ಬಿಗಿದಿತ್ತು. ಅದನ್ನು ಅವರು ಈಚೆಗೆ ಹೆಚ್ಚಾಗಿ ಜೇಬಿನಲ್ಲೇ ಇಡುತ್ತಿದ್ದರು. ಅವರ ಅಪ್ಪನ ಕೈ ಕೊನೆಗಾಲದಲ್ಲಿ ನಡುಗುತ್ತಿತ್ತು. ಹುಟ್ಟೂರು ಕಳಲೆಯ ಮನೆಯ ಜಗುಲಿಯಲ್ಲಿ ಅಮ್ಮ ಅಪ್ಪನಿಗೆ ತುತ್ತು ಕೊಡುವಾಗ ಬೀದಿಯಲ್ಲಿ ಹೋಗುವವರು ಮುಖ ಆ ಕಡೆ ಮಾಡಿಕೊಳ್ಳುತ್ತಿದ್ದರು. ಅಂಗಿ ಗುಂಡಿ ಹಾಕಿಕೊಳ್ಳಲಾಗದೆ ಅಪ್ಪ ಒಮ್ಮೆ ಅತ್ತದ್ದನ್ನು ಪುಟ್ಟಬಸವಯ್ಯ ಬಾಗಿಲ ಮರೆಯಿಂದ ನೋಡಿದ್ದರು. ಈ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲ. ತಪ್ಪು ತಟ್ಟೆಯದಾದರೆ ಬದುಕು ಇದ್ದ ಹಾಗೆಯೇ ಇರುತ್ತದೆ. ಅಲ್ಲದಿದ್ದರೆ ಇರುವುದಿಲ್ಲ. ಆದ್ದರಿಂದ ತಪ್ಪು ತಟ್ಟೆಯದೇ ಆಗಬೇಕಿತ್ತು.

ಮನೆಗೆ ಬಂದವರೇ ಅಂಗಡಿಗೆ ಫೋನು ಹಚ್ಚಿದರು. ಎತ್ತಿದವನು ಮದನ್ ಎಂಬ ಸಾಧು ಹುಡುಗ.

"ಏನಯ್ಯಾ, ಒಂದೇ ದಾರಿ ಅಂತ ಬರೆದಿದ್ದೀರಲ್ಲ, ಯಾರ ಕಣ್ಣಿಗೆ ಮಣ್ಣೆರಚೋಕೆ? ಇದು ತಟ್ಟೆಯೋ, ಎಲೆಕ್ಷನ್ನಲ್ಲಿ ಗೆದ್ದೋನೋ? ಗಳಿಗೆಗೊಂದು ಕಡೆ ವಾಲ್ತದೆ."

"ಸರ್, ಕಳಿಸೋಕೆ ಮುಂಚೆ ನಾನೇ ಎಸೆದು ನೋಡಿದ್ದೆ. ನೆಟ್ಟಗೆ ಹೋಯ್ತು. ಬಿಸಿಲಲ್ಲಿ ಬಿಟ್ಟಿದ್ರಾ? ಬಿಸಿ ತಾಗಿದ್ರೆ ಸೊಟ್ಟ ಆಗುತ್ತೆ."

"ನಾನೇನು ಬಾಣಲೆಗೆ ಹಾಕಿ ಕರಿದ್ನಾ?"

ಅಷ್ಟು ಹೊತ್ತಿಗೆ ಅವರ ಹೆಂಡತಿ ಚನ್ನಾಜಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು. ಫೋನು ಇಟ್ಟ ಮೇಲೆ ಮೆಲ್ಲಗೆ ಹೇಳಿದರು. "ನೋಡಿ, ಬೈಬ್ಯಾಡಿ. ನಂದೇ ತಪ್ಪು. ಆ ತಟ್ಟೆ ಬಂದ ದಿನ ನಾನು ಅದ್ರಲ್ಲಿ ಬಿಸಿ ಪಾಯಸ ಇಕ್ಬುಟ್ಟೆ. ಎಡೆಗೆ."

ಕಳಲೆಯ ಆ ಮನೆತನದಲ್ಲಿ ಹೀಗೊಂದು ಪದ್ಧತಿ ಇತ್ತು. ಹೊಸ ಪಾತ್ರೆ ಮನೆಗೆ ಬಂದರೆ ಅದನ್ನು ತೊಳೆದು, ವಿಭೂತಿ ಹಚ್ಚಿ, ಮೊದಲ ಸಲ ಅದರಲ್ಲಿ ಪಾಯಸ ಇಟ್ಟು ಶಿವನಿಗೆ ಎಡೆ ಮಾಡಿದ ಮೇಲೆಯೇ ಬಳಕೆಗೆ ತೆಗೆಯುವುದು. ಮೇಷ್ಟ್ರ ಅಮ್ಮ ನಡೆಸಿಕೊಂಡು ಬಂದದ್ದನ್ನು ಚನ್ನಾಜಮ್ಮ ನಂಜನಗೂಡಿನ ಬಾಡಿಗೆ ಮನೆಯಲ್ಲೂ ಬಿಟ್ಟಿರಲಿಲ್ಲ.

ಮೇಷ್ಟ್ರು ತಟ್ಟೆಯನ್ನು ನೆಲದ ಮೇಲೆ ಬೋರಲು ಹಾಕಿ, ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ ನೋಡಿದರು. ಒಂದು ಕಡೆ ಅಂಚು ಎದ್ದಿದೆ ಅನ್ನಿಸಿತು. ಎದ್ದೇ ಇದೆ. ಅವರ ಎದೆಯ ಮೇಲಿಂದ ಒಂದು ಚಪ್ಪಡಿ ಕಲ್ಲು ಸರಿದ ಹಾಗಾಯಿತು. ಆ ಖುಷಿಯಲ್ಲಿ ಅವರು ಹೆಂಡತಿಯನ್ನು ಬಾಯಿಗೆ ಬಂದಂತೆ ಬೈದರು.

"ಬುದ್ಧಿ ಐತೇನೇ ನಿಂಗೆ? ಆಟದ ಸಾಮಾನಿಗೂ ಉಣ್ಣೋ ತಟ್ಟೆಗೂ ವ್ಯತ್ಯಾಸ ಗೊತ್ತಾಗಲ್ವಾ? ನಿನ್ನ ಪಾಯಸದಿಂದ ಆ ನಾಗೇಂದ್ರನ ಬಾಯಲ್ಲಿ ಗಾದೆ ಕೇಳಿಸ್ಕೊಂಡು ಬಂದೆ ನಾನು."

ಅಂದು ಬೈದರು, ಮರುದಿನ ಕಾಫಿ ಕುಡಿಯುತ್ತ ಬೈದರು, ಬಂದ ನೆಂಟರ ಮುಂದೆ ಕಥೆ ಮಾಡಿ ಹೇಳಿ ಬೈದರು. ಚನ್ನಾಜಮ್ಮ ತಲೆ ತಗ್ಗಿಸಿ ಅವರೆಕಾಯಿ ಬಿಡಿಸುತ್ತಿದ್ದರು. ನೆಂಟರು ನಕ್ಕಾಗ ತಾವೂ ನಕ್ಕರು. ಮೇಷ್ಟ್ರು ಮದನನಿಗೆ ಫೋನು ಮಾಡಿ ಕ್ಷಮೆ ಕೇಳಿದರು, ಅದನ್ನೂ ಗದರಿಸುವ ದನಿಯಲ್ಲೇ. ಅದೇ ಅಚ್ಚಿನ ಇನ್ನೊಂದು ತಟ್ಟೆ ಕಳಿಸಲು ಹೇಳಿ, ಮನೆಯ ವಿಳಾಸ ಕೊಡದೆ ಕವನಳ ಶಾಲೆಯ ವಿಳಾಸ ಕೊಟ್ಟರು. ಈ ಸಲ ಅದು ಅಡುಗೆಮನೆಯ ಹೊಸ್ತಿಲು ಕೂಡ ನೋಡಬಾರದು.

ಹೊಸದು ನೀಲಿ ಬಣ್ಣದ್ದು. ಶಾಲೆ ಬಿಟ್ಟ ಮೇಲೆ ಕವನ ಅದನ್ನು ಡಬ್ಬಿಯ ಸಮೇತ ಸೋಸಲೆಯ ತೋಟಕ್ಕೆ ತಂದಳು. ತೋಟದಲ್ಲಿ ಬೇರೆ ಯಾರೂ ಇರಲಿಲ್ಲ. ಮೇಷ್ಟ್ರು ತಾವೇ ಡಬ್ಬಿ ಒಡೆದು, ನೆರಳಲ್ಲಿ ನಿಂತು, ಉಸಿರು ಹಿಡಿದು ಎಸೆದರು.

ಎಡಕ್ಕೆ ಹೋಯಿತು. ಮತ್ತೆ ಎಸೆದರು. ಬಲಕ್ಕೆ ಹೋಯಿತು. ಮೂರನೆಯದು ಬುಟ್ಟಿಯ ಬುಡಕ್ಕೆ ಗುದ್ದಿತು.

"ಇದೂ ಹಾಳು. ಕಳ್ಳರು," ಎಂದರು ಮೇಷ್ಟ್ರು. ಅವರ ಮುಖ ಕೆಂಪಾಗಿತ್ತು. "ತಗೋ, ನೀನೇ ಎಸೆದು ನೋಡು. ಇದು ಸೊಟ್ಟ ಅಂತ ನಿನ್ನ ಬಾಯಲ್ಲೇ ಹೇಳು, ಆ ಹುಡುಗನಿಗೆ ಫೋನು ಮಾಡ್ತೀನಿ."

"ಬ್ಯಾಡ ಸಾ," ಎಂದಳು ಕವನ. "ಇವತ್ತು ಗಾಳಿ ಜಾಸ್ತಿ."

"ಸುಳ್ಳು ಹೇಳ್ಬೇಡ. ಒಂದು ಗರಿ ಅಲ್ಲಾಡ್ತಿಲ್ಲ."

ಅವಳು ತಟ್ಟೆ ತೆಗೆದುಕೊಂಡಳು. ಬೇಕೆಂದೇ ತಪ್ಪಿಸಬಹುದಿತ್ತು; ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಗೆದ್ದ ಕಪ್ಪನ್ನು ವಾಪಸ್ಸು ಕೊಡುವ ಮೇಷ್ಟ್ರ ಕೈಯಲ್ಲಿ ಕಲಿತವಳಿಗೆ ಆಟದಲ್ಲಿ ಸುಳ್ಳು ಆಡಲು ಬರುತ್ತಿರಲಿಲ್ಲ. ಎಸೆದಳು. ನೀಲಿ ತಟ್ಟೆ ನೇರ ಹೋಗಿ, ಕೊನೆಯಲ್ಲಿ ಎಡಕ್ಕೆ ಒಂದಿಷ್ಟೇ ವಾಲಿ, ಸರಪಳಿಗೆ ಬಡಿದು ಬುಟ್ಟಿಯೊಳಗೆ ಕೂತಿತು. ತಂದು ಮತ್ತೆ ಎಸೆದಳು. ಅದೇ ದಾರಿ, ಅದೇ ವಾಲು, ಅದೇ ಸದ್ದು.

ಮೇಷ್ಟ್ರು ಚೀಲದಿಂದ ಹಸಿರು ತಟ್ಟೆ ತೆಗೆದು ಕೊಟ್ಟರು. ಪಾಯಸ ಉಂಡು ಸೊಟ್ಟಗಾದ ತಟ್ಟೆ. ಅದೂ ನೇರ ಹೋಗಿ ಬುಟ್ಟಿಯಲ್ಲಿ ಕೂತಿತು. ಕವನ ಅದನ್ನು ತರಲು ಹೋಗಲಿಲ್ಲ.

ನಂಜನಗೂಡಿನ ಬಸ್ಸಿನಲ್ಲಿ ಮೇಷ್ಟ್ರಿಗೆ ಸಿಟ್ಟು ಬಂದೇ ಇತ್ತು, ಆದರೆ ಅದಕ್ಕೆ ಹೋಗಲು ಜಾಗ ಸಿಗಲಿಲ್ಲ. ತಟ್ಟೆಯದು ತಪ್ಪಲ್ಲ. ಮದನನದಲ್ಲ. ನಾಗೇಂದ್ರ ಹೇಳಿದ್ದು ನಿಜ, ಅದಕ್ಕೇ ಅವನ ಮೇಲೆ ಹೆಚ್ಚು ಸಿಟ್ಟು ಬಂತು. ಹಾಗಾದರೆ ಹೆಂಡತಿಯ ಪಾಯಸ? ಬಿಸಿ ತಾಗಿದ್ದರೆ ತಟ್ಟೆ ಸೊಟ್ಟಗಾಗಬೇಕಿತ್ತಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಇಷ್ಟು ದಿನ ಇವಳನ್ನು ಬೈದೆನಲ್ಲ, ಇವಳು ಬಾಯಿ ಬಿಡಬಾರದಿತ್ತೆ?

ಚನ್ನಾಜಮ್ಮ ಹಿತ್ತಿಲಲ್ಲಿ ಒಗೆದ ಬಟ್ಟೆ ತೆಗೆಯುತ್ತಿದ್ದರು. ಮೇಷ್ಟ್ರು ಎರಡು ತಟ್ಟೆಗಳನ್ನೂ ಒಗೆಯುವ ಕಲ್ಲಿನ ಮೇಲೆ ಕುಕ್ಕಿದರು.

"ಇದ್ರಲ್ಲಿ ಪಾಯಸ ಇಟ್ಟಿದ್ಯಾ ನೀನು? ನಿಜ ಹೇಳು."

ಚನ್ನಾಜಮ್ಮ ಹೆಗಲ ಮೇಲಿದ್ದ ಟವೆಲನ್ನು ಮಡಚಿದರು. "ಪ್ಲಾಸ್ಟಿಕ್ಕಲ್ಲಿ ಯಾರಾದ್ರೂ ಎಡೆ ಇಕ್ಕುತಾರಾ? ನಿಮ್ಮವ್ವ ಇದ್ದಿದ್ರೆ ನನ್ನ ಮನೆಯಿಂದ ಆಚೆಗೆ ಹಾಕೋರು."

ಮೇಷ್ಟ್ರು ಎಡೆಯಾದ ಪಾತ್ರೆಗಳನ್ನು ನೆನಪಿಸಿಕೊಂಡರು. ಹೌದು. ಹಿತ್ತಾಳೆ, ತಾಮ್ರ, ಸ್ಟೀಲು, ಮಣ್ಣಿನ ಮಡಕೆ. ಪ್ಲಾಸ್ಟಿಕ್ ಬಕೀಟಿಗೆ, ಡಬ್ಬಿಗೆ ಯಾವತ್ತು ಎಡೆ ಆಗಿತ್ತು? ಆ ಮನೆಯಲ್ಲಿ ಹುಟ್ಟಿ ಬೆಳೆದ ತನಗೆ ಇದು ಹೊಳೆಯಲಿಲ್ಲ. ಹೊಳೆಯುವುದು ಬೇಕಾಗಿರಲಿಲ್ಲ.

"ಸುಳ್ಳು ಯಾಕೆ ಹೇಳ್ದೆ? ನೆಂಟರ ಮುಂದೆ ಎಲ್ಲಾ ಬೈಸ್ಕೊಂಡ್ಯಲ್ಲೇ. ನಾನು ಮೋಸ ಸಹಿಸಲ್ಲ ಅಂತ ಗೊತ್ತಿಲ್ವಾ ನಿಂಗೆ? ನನ್ನ ಹೀಗೆ ಕುಣಿಸೋಕೆ ನಾಚಿಕೆ ಆಗ್ಲಿಲ್ವಾ?" ದನಿ ಏರುತ್ತ ಹೋಯಿತು. ಪಕ್ಕದ ಮನೆಯ ಕಿಟಕಿ ತೆರೆಯಿತು. ತಮ್ಮ ಬಾಳಿನಲ್ಲಿ ಯಾರ ಮೇಲೂ ಬಾರದಷ್ಟು ಸಿಟ್ಟು ಈ ಹೆಂಗಸಿನ ಮೇಲೆ ಬಂದಿತ್ತು.

ಚನ್ನಾಜಮ್ಮ ಮಾತು ಮುಗಿಯುವವರೆಗೂ ಕಾದರು. "ಬೈತಾ ಇದ್ದಷ್ಟು ದಿನ ನೀವು ಕೈ ನೋಡ್ಕತಿರ್ನಿಲ್ಲ," ಎಂದರು. "ಅದಕ್ಕೇ ಬೈಲಿ ಅಂತ ಬುಟ್ಟೆ."

ಮೇಷ್ಟ್ರು ಒಗೆಯುವ ಕಲ್ಲಿನ ಮೇಲೆ ತಟ್ಟೆಗಳನ್ನು ಸರಿಸಿ ಕೂತರು. ಕಿಟಕಿಯವರು ಇನ್ನೂ ನೋಡುತ್ತಿದ್ದರು.

"ಯಾವಾಗಿಂದ ಗೊತ್ತು ನಿಂಗೆ?"

"ನಿಮಗೆ ಯಾವಾಗಿಂದ ಗೊತ್ತೋ ಆವಾಗಿಂದ."

ಮೇಷ್ಟ್ರು ಬಲಗೈಯನ್ನು ಜೇಬಿನಿಂದ ಹೊರಗೆ ತೆಗೆದರು. ಅದು ನಡುಗುತ್ತಿತ್ತು. ಅವರು ಅದನ್ನು ಮುಚ್ಚಿಕೊಳ್ಳದೆ ತೊಡೆಯ ಮೇಲಿಟ್ಟುಕೊಂಡರು, ಚನ್ನಾಜಮ್ಮ ಪಕ್ಕದಲ್ಲಿ ಬಂದು ಕೂತರು.