ಸಿಂಕಿಗೆ ಸುರಿದ ಕಪ್ಪು ಜೋಳ

೨೦೨೦ನೇ ಇಸವಿ. ನಿಮ್ಮ ಅಜ್ಜ ತೀರಿಕೊಂಡು ವರ್ಷ ತುಂಬಿತ್ತು. "ಮೂರು ತಿಂಗಳು ಇದ್ದು ಹೋಗು ಬಾ ಯವ್ವಾ" ಎಂದು ಮಗಳು ಶೋಭಾ ನನ್ನನ್ನು ಮಲೇಷ್ಯಾಕ್ಕೆ ಕರೆಸಿಕೊಂಡಿದ್ದಳು. ಬಂದ ತಿಂಗಳಿಗೇ ಕೊರೊನಾ ಶುರುವಾಗಿ ವಿಮಾನಗಳೆಲ್ಲ ನಿಂತುಹೋದವು. ಪುಚೊಂಗ್‌ನ ಎಂಟನೇ ಮಹಡಿಯ ಆ ಮನೆಯಲ್ಲಿ ಮಗಳು ಒಂದು ಕೋಣೆಯಲ್ಲಿ, ಅಳಿಯ ಇನ್ನೊಂದು ಕೋಣೆಯಲ್ಲಿ ಕಂಪ್ಯೂಟರ್ ಮುಂದೆ. ಅವರ ಮಗಳು ಸಿರಿಗೆ ಆಗ ಒಂಬತ್ತು ವರ್ಷ. ಉಳಿದ ಮೊಮ್ಮಕ್ಕಳಾದ ನಿಮಗೆ ಈ ಸಂಗತಿ ಗೊತ್ತಿಲ್ಲವೆಂದು ಬರೆಯುತ್ತಿದ್ದೇನೆ. ಹಳ್ಳಿಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು ನಾನು, ತಪ್ಪಿದ್ದರೆ ತಿದ್ದಿಕೊಳ್ಳಿ.

ಹೊತ್ತು ಹೋಗದಿದ್ದಾಗ ಬಾಗಿಲಿನ ಕಬ್ಬಿಣದ ಜಾಲರಿಯ ಹಿಂದೆ ಕೂತು ಎಲೆಗೆ ಸುಣ್ಣ ಹಚ್ಚಿಕೊಂಡು ಅಡಿಕೆ ಹಾಕಿಕೊಳ್ಳುತ್ತಿದ್ದೆ. ಎದುರುಮನೆ ನಾಲ್ಕು ಹೆಜ್ಜೆ ದೂರ. ಅಲ್ಲಿ ಇರ್ಮಾ ಎಂಬ ಹೆಣ್ಣುಮಗಳು, ಅವಳ ಗಂಡ, ನಾಲ್ಕು ವರ್ಷದ ಕೂಸು. ಗ್ವಾಟೆಮಾಲಾ ದೇಶದವರು ಎಂದು ಸಿರಿ ಹೇಳಿದ್ದಳು. ಅದೆಲ್ಲಿದೆ ಎಂದು ಕೇಳಿದ್ದಕ್ಕೆ ಗ್ಲೋಬನ್ನು ಪೂರ್ತಿ ಆಚೆ ಬದಿಗೆ ತಿರುಗಿಸಿ ತೋರಿಸಿದಳು. ಗಂಡ ಬಾಂಗ್ಸಾರ್‌ನ ಒಂದು ಹೋಟೆಲಿನಲ್ಲಿ ಅಡುಗೆಯವನು. ಹೋಟೆಲು ಮುಚ್ಚಿ ತಿಂಗಳಾಗಿತ್ತು. ಇರ್ಮಾ ಜಾಲರಿ ಹಿಡಿದುಕೊಂಡು ಅಳುವುದನ್ನು ಎರಡು ಸಲ ನೋಡಿದ್ದೆ. ನೋಡಿಯೂ ಎದ್ದು ಒಳಗೆ ಹೋಗಿದ್ದೆ. ಯಾವ ಭಾಷೆಯಲ್ಲಿ, ಏನೆಂದು ಮಾತಾಡಿಸಲಿ?

ಒಂದು ಮಧ್ಯಾಹ್ನ ಅವಳೇ ಬಂದಳು. ಸುಣ್ಣದ ಡಬ್ಬಿಯತ್ತ ಬೊಟ್ಟು ಮಾಡಿ ಅಂಗೈ ಚಾಚಿದಳು. ಇವಳೂ ಎಲೆ ಹಾಕುತ್ತಾಳೇನೋ ಎಂದು ಬೆರಳತುದಿಯಷ್ಟು ಕೊಟ್ಟೆ. ತಲೆ ಅಲ್ಲಾಡಿಸಿ, ಇಡೀ ಡಬ್ಬಿ ಬೇಕು ಎಂದು ಸನ್ನೆ ಮಾಡಿದಳು. ಇಲ್ಲ ಎನ್ನಲು ನಾಚಿಕೆಯಾಗಿ ಕೊಟ್ಟುಬಿಟ್ಟೆ.

ಅವಳು ಬಾಗಿಲು ಹಾಕಲಿಲ್ಲ. ಒಲೆ ನಾನು ಕೂತಲ್ಲಿಗೇ ಕಾಣುತ್ತಿತ್ತು. ಪಾತ್ರೆಯಲ್ಲಿ ಏನೋ ಕುದಿಯುತ್ತಿತ್ತು. ನೋಡನೋಡುತ್ತಲೇ ಡಬ್ಬಿಯ ಸುಣ್ಣವನ್ನೆಲ್ಲ ಚಮಚದಿಂದ ಕೆರೆದು ಅದರೊಳಗೆ ಹಾಕಿದಳು. ಕೂಸು ಖಾಲಿ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿತ್ತು.

ಎಲೆಗೆ ಸುಣ್ಣ ಒಂಚೂರು ಹೆಚ್ಚಾದರೇ ಬಾಯಿ ಸುಡುತ್ತದೆ. ಡಬ್ಬಿಗಟ್ಟಲೆ ಉಂಡರೆ ಕರುಳು ಉಳಿದೀತೇ? ಗಂಡನ ಕೆಲಸ ಹೋಗಿದೆ, ನಿಂತಲ್ಲೇ ಅಳುತ್ತಾಳೆ, ಕೂಸಿನ ಜೊತೆ ಸಾಯಲು ಹೊರಟಿದ್ದಾಳೆ ಎಂದೇ ತಿಳಿದೆ. ಸುಣ್ಣ ಕೊಟ್ಟವಳು ನಾನೇ. ಮಾಸ್ಕ್ ಇಲ್ಲ, ಚಪ್ಪಲಿ ಇಲ್ಲ, ಓಡಿದೆ. "ಬ್ಯಾಡವ್ವಾ ಬ್ಯಾಡ! ಕೂಸಿನ ಮಾರಿ ನೋಡು!" ಎನ್ನುತ್ತ ಸೆರಗಿನಿಂದ ಪಾತ್ರೆ ಹಿಡಿದು ಸಿಂಕಿಗೆ ಸುರಿದುಬಿಟ್ಟೆ.

ಅದರಲ್ಲಿದ್ದದ್ದು ಜೋಳ. ನಮ್ಮ ಹಾವೇರಿ ಕಡೆಯ ಗೋವಿನಜೋಳ, ಅಂದರೆ ಮೆಕ್ಕೆಜೋಳದಂಥದೇ, ಆದರೆ ಕಪ್ಪು ಬಣ್ಣದ್ದು. ಅರ್ಧ ಸಿಂಕಿನಲ್ಲಿ, ಅರ್ಧ ನೆಲದ ಮೇಲೆ. ಇರ್ಮಾ ನೆಲದ ಮೇಲೆ ಕೂತು ಒಂದೊಂದೇ ಕಾಳು ಆರಿಸತೊಡಗಿದಳು.

ಗದ್ದಲ ಕೇಳಿ ಸಿರಿ ಬಂದಳು. ಅವಳೂ ಇರ್ಮಾಳೂ ಇಂಗ್ಲಿಷಿನಲ್ಲಿ ಮಾತಾಡಿಕೊಂಡರು. ಆಮೇಲೆ ಸಿರಿ ಅಲ್ಲಿಯ ಮಕ್ಕಳಂತೆ ಮಾತಿನ ಕೊನೆಗೆ 'ಲಾ' ಸೇರಿಸಿ ನನಗೆ ಹೇಳಿದಳು.

"ಅಜ್ಜಿ, ಅದು ಪಾಯ್ಸನ್ ಅಲ್ಲ ಲಾ! ಅವರು ಹಂಗೇ ಕುಕ್ ಮಾಡೋದು. ಸುಣ್ಣ ಹಾಕಿದ್ರೆ ಸಿಪ್ಪೆ ಹೋಗತ್ತೆ. ಆಮೇಲೆ ವಾಶ್, ವಾಶ್, ವಾಶ್. ಆಮೇಲೆ ರೊಟ್ಟಿ."

ನನಗೆ ಮುಖ ಎತ್ತಲು ಆಗಲಿಲ್ಲ. ಸಿರಿ ಮುಂದುವರಿಸಿದಳು. "ಅವರ ಅಮ್ಮನ ಹೊಲದ ಜೋಳ ಅಂತೆ. ಇದೇ ಲಾಸ್ಟ್. ಇವತ್ತು ದೊಡ್ಡ ಮಗಳ ಬರ್ತ್‌ಡೇ. ಅವಳು ಅಲ್ಲೇ ಅಜ್ಜಿ ಹತ್ರ ಇದಾಳೆ. ಇಲ್ಲಿ ರೊಟ್ಟಿ ಮಾಡಿ ಅವಳಿಗೆ ಫೋನಲ್ಲಿ ತೋರಿಸೋರಿದ್ರಂತೆ."

ನಾನೂ ಕೂತು ಆರಿಸಿದೆ. ನಮ್ಮ ಕಡೆ ಮಳೆ ಹೋದರೆ ಜನ ಗುಳೆ ಹೋಗುತ್ತಾರೆ. ಹಾಗೇ ಇರಬೇಕೆಂದು ಕೇಳಿದೆ. "ಅವರ ಊರಾಗ ಮಳಿ ಇಲ್ಲೇನು?"

"ಬರತ್ತಂತೆ."

"ಮತ್ತ ಹೊಲ ಬಿಟ್ಟು ಯಾಕ ಬಂದ್ರು?"

ಇರ್ಮಾ ಬಹಳ ಹೊತ್ತು ಮಾತಾಡಿದಳು. ಸಿರಿ ಸಣ್ಣ ದನಿಯಲ್ಲಿ ಇಷ್ಟೇ ಹೇಳಿದಳು: "ಬ್ಯಾಡ್ ಬಾಯ್ಸ್ ಇದಾರಂತೆ. ನಮ್ಮ ಗ್ಯಾಂಗ್‌ಗೆ ಸೇರು ಅಂದ್ರಂತೆ. ಅಂಕಲ್ ತಮ್ಮ ನೋ ಅಂದಿದ್ದಕ್ಕೆ ಶೂಟ್ ಮಾಡಿದ್ರಂತೆ. ನೆಕ್ಸ್ಟ್ ಅಂಕಲ್ ಅಂತ ಹೆದರಿಸಿದ್ರಂತೆ." ಅಂಕಲ್ ಎಂದರೆ ಇರ್ಮಾಳ ಗಂಡ.

"ಹಂಗಾದ್ರ ಆ ಹುಡುಗೀನ ಯಾಕ ಅಲ್ಲೇ ಬಿಟ್ರು ಕೇಳು."

ಇರ್ಮಾಳ ಕೈ ನಿಂತಿತು. ಹುಡುಗಿಯ ಕಾಗದಪತ್ರ ಆಗಿರಲಿಲ್ಲವಂತೆ. ಆರು ತಿಂಗಳಲ್ಲಿ ಕರೆಸಿಕೊಳ್ಳುವುದೆಂದಿದ್ದರಂತೆ. ಈಗ ಎಲ್ಲ ಬಂದ್. ನನಗೆ ಅವಳ ಮೇಲೆ ಸಿಟ್ಟು ಬಂತು. ಹುಲಿಗೆ ಹೆದರಿ ಓಡುವವರು ಮಗಳನ್ನು ಗವಿಯ ಬಾಯಲ್ಲಿ ಬಿಡುತ್ತಾರೆಯೇ? ಮರುಕ್ಷಣ, ಅಲ್ಲೇ ಕೂತಿದ್ದರೆ ಗಂಡ ಉಳಿಯುತ್ತಿದ್ದನೇ ಅನ್ನಿಸಿತು. ಯಾವುದು ಸರಿ, ತಿಳಿಯಲಿಲ್ಲ.

ಆಗ ಮನೆಗೊಬ್ಬರೇ ಹೊರಗೆ ಹೋಗಬೇಕೆಂಬ ನಿಯಮ. ಅಳಿಯ ಕೆಳಗಿನ ತಮಿಳರ ಅಂಗಡಿಯಿಂದ ನಾಲ್ಕು ಡಬ್ಬಿ ಸುಣ್ಣ ತಂದ. "ಅತ್ತೀ, ಎರಡು ತಿಂಗಳಾತು, ನನ್ನ ಮುಂದೇ ನಾಲ್ಕು ಮಾತು ಆಡಿಲ್ಲ. ಇವತ್ತ ಸೀದಾ ಮಂದಿ ಒಲಿಗೇ ಕೈ ಹಾಕೀರಿ!" ಎಂದು ನಕ್ಕ. ಮಾಸ್ಕ್ ಇಲ್ಲದೆ ಇನ್ನೊಬ್ಬರ ಮನೆಗೆ ಹೋದೆನೆಂದು ಶೋಭಾಗೆ ಸಿಟ್ಟು.

ಜೋಳ ಮತ್ತೆ ಬೆಂದು, ಸುಣ್ಣದ ನೀರಲ್ಲಿ ನೆನೆದು, ಮರುದಿನ ಬೆಳಿಗ್ಗೆ ನಮ್ಮ ಮಿಕ್ಸಿಯಲ್ಲಿ ಹಿಟ್ಟಾಯಿತು. "ಹುಟ್ಟಿದ ದಿನ ನಿನ್ನೆಗೇ ಮುಗೀತಲ್ಲ" ಎಂದು ಸಂಕಟಪಟ್ಟೆ. "ಇಲ್ಲ ಅಜ್ಜಿ, ಅಲ್ಲಿ ಇನ್ನೂ ನಿನ್ನೆ ಸಂಜೆ" ಎಂದಳು ಸಿರಿ. ಅದೂ ನನಗೆ ಅರ್ಥವಾಗಲಿಲ್ಲ, ಆದರೆ ಜೀವ ಬಂದಂತಾಯಿತು. ಇರ್ಮಾ ಎರಡೂ ಅಂಗೈ ನಡುವೆ ತಟ್ಟಿದಳು. ನಾನು ನಮ್ಮ ಪದ್ಧತಿಯಂತೆ ಹಲಗೆಯ ಮೇಲೆ ತಟ್ಟಿದೆ. ಒಟ್ಟು ಏಳು ರೊಟ್ಟಿಯಾದವು.

ಫೋನಿನಲ್ಲಿ ಎರಡು ಜಡೆಯ ಹುಡುಗಿ, ಹಿಂದೆ ಅವಳ ಅಜ್ಜಿ. ಇರ್ಮಾ ರೊಟ್ಟಿ ಎತ್ತಿ ತೋರಿಸಿದಳು. ಹುಡುಗಿ ನಕ್ಕಳು. ಆಮೇಲೆ ಏನೋ ಒಂದು ಪುಟ್ಟ ಪ್ರಶ್ನೆ ಕೇಳಿದಳು. ಇರ್ಮಾ ರೊಟ್ಟಿ ಕೆಳಗಿಟ್ಟಳು. ಗಂಡ ಎದ್ದು ಕಿಟಕಿಯ ಹತ್ತಿರ ಹೋದ. ಆ ಕಡೆಯ ಮುದುಕಿ ಹುಡುಗಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಸಿರಿಗೆ ಆ ಭಾಷೆ ಬರುತ್ತಿರಲಿಲ್ಲ. ಏನು ಕೇಳಿದಳೆಂದು ಇರ್ಮಾಳನ್ನು ಕೇಳುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ.

ವಿಮಾನ ಶುರುವಾದ ಮೇಲೆ ನಾನು ಊರಿಗೆ ಬಂದೆ. ಅವರೂ ಆ ಮನೆ ಬಿಟ್ಟರಂತೆ. ಹುಡುಗಿ ಬಂದು ತಾಯಿಯನ್ನು ಸೇರಿದಳೋ ಇಲ್ಲವೋ ಗೊತ್ತಿಲ್ಲ. ನನಗೂ ಇಬ್ಬರು ಮಕ್ಕಳು. ಅಂಥ ದಿನ ನನ್ನ ಬಾಗಿಲಿಗೆ ಬಂದಿದ್ದರೆ ಯಾರ ಕೈ ಹಿಡಿದು ಓಡುತ್ತಿದ್ದೆ, ಯಾರ ಕೈ ಬಿಡುತ್ತಿದ್ದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಪ್ರತಿ ಸಲವೂ ಇಬ್ಬರ ಮುಖಗಳೂ ಎದುರಿಗೆ ಬರುತ್ತವೆ. ಯೋಚನೆ ಅಲ್ಲಿಗೇ ನಿಂತುಬಿಡುತ್ತದೆ.