ಚಿಕ್ಕಮ್ಮ ಮತ್ತು ಭೇದಿ ಗುಳಿಗೆ

ಕಳೆದ ವಾರ ಕೊಚ್ಚಿಯ ತ್ರಿಪ್ಪುಣಿತ್ತುರದಲ್ಲಿ ಮೆಟ್ರೋ ಇಳಿದು, ಕೆಮ್ಮಿನ ಔಷಧಿಗೆಂದು ಮನೆ ದಾರಿಯ ಮೆಡಿಕಲ್ ಅಂಗಡಿಗೆ ಹೋದೆ. ನನಗಿಂತ ಮೊದಲೇ ಬಂದಿದ್ದ ಒಬ್ಬರು, ಇಸ್ತ್ರಿ ಮಾಡಿದ ಅಂಗಿಯ ಗಂಭೀರ ಮನುಷ್ಯ, ನಿಮ್ಮದು ಆಗಲಿ ಎಂದು ನನ್ನನ್ನು ಮುಂದೆ ಬಿಟ್ಟರು. ನನ್ನ ಹಿಂದೆ ಬಂದವರನ್ನೂ ಬಿಟ್ಟರು. ಕೊನೆಗೆ ಮೇಜಿನ ಮೇಲೆ ಬಾಗಿ ಏನೋ ಪಿಸುಗುಟ್ಟಿದರು. ಒಳಗಿದ್ದ ಹುಡುಗಿ ಕಪಾಟಿನತ್ತ ತಿರುಗಿ, "ವಯಟ್ಟೀನ್ನು ಪೋಕಾನುಳ್ಳ ಗುಳಿಗ ಅಲ್ಲೇ?" ಎಂದು ಬೀದಿಗೆಲ್ಲ ಕೇಳುವಂತೆ ಕೇಳಿದಳು. ಹೊಟ್ಟೆ ಹೋಗುವ ಗುಳಿಗೆ ತಾನೆ ಎಂದು. ಪಾಪ, ಅವರ ಕಿವಿ ಕೆಂಪಾಯಿತು. ನೀವಾಗಿದ್ದರೆ ನಗುತ್ತಿದ್ದಿರೋ ಏನೋ. ನನಗೆ ಚಿಕ್ಕಮ್ಮ ನೆನಪಾದಳು.

ಚಿಕ್ಕಮ್ಮ ಎಂದರೆ ನನ್ನ ಅಮ್ಮನ ತಂಗಿ. ಕಾಸರಗೋಡಿನ ಕೋರ್ಟಿನಲ್ಲಿ ಶಿರಸ್ತೇದಾರಳಾಗಿ ನಿವೃತ್ತಳಾದವಳು. ಮದುವೆಯಾಗಲಿಲ್ಲ, ಯಾಕೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅವಳ ದನಿ ಕೇಳಿದರೆ ಎಳೆಯ ವಕೀಲರು ಕೋಟಿನ ಗುಂಡಿ ಸರಿಪಡಿಸಿಕೊಳ್ಳುತ್ತಿದ್ದರಂತೆ. ನಾನು ವಕೀಲನಾದ ಮೇಲೆ ಊರಲ್ಲಿ ನಿಲ್ಲದೆ ಕೊಚ್ಚಿಗೆ ಬಂದದ್ದಕ್ಕೆ ಆ ದನಿಯೂ ಒಂದು ಕಾರಣವೆಂದು ನನ್ನ ಹೆಂಡತಿ ಅನು ಹೇಳುವುದುಂಟು. ಪೂರ್ತಿ ಸುಳ್ಳಲ್ಲ.

ಇಂಥ ಚಿಕ್ಕಮ್ಮ ಕಣ್ಣಿನ ಪೊರೆ ತೆಗೆಸಲು ನಮ್ಮ ಫ್ಲಾಟಿಗೆ ಬಂದಳು. ಆಪರೇಷನ್ ಸಲೀಸಾಗಿ ಆಯಿತು. ಬಗ್ಗಬಾರದು, ಭಾರ ಎತ್ತಬಾರದು ಎಂದೆಲ್ಲ ಹೇಳಿದ ಕಣ್ಣಿನ ಡಾಕ್ಟರು, ಕಕ್ಕಸಿನಲ್ಲಿ ತಿಣುಕಬಾರದು ಎಂದೂ ಸೇರಿಸಿದರು. ನನ್ನೆದುರು ಆ ಮಾತು ಬಂದದ್ದೇ ಚಿಕ್ಕಮ್ಮ ಮುಖವನ್ನು ಗೋಡೆ ಕಡೆಗೆ ತಿರುಗಿಸಿಬಿಟ್ಟಳು.

ನಮ್ಮ ಫ್ಲಾಟಿನ ಬಗ್ಗೆ ಒಂದು ಮಾತು ಹೇಳಬೇಕು. ಅದನ್ನು ಕಟ್ಟಿದವನಿಗೆ ಅದೇನು ಹೊಳೆಯಿತೋ, ಬಾತ್‌ರೂಮನ್ನು ಊಟದ ಮೇಜಿಗೆ ತಾಗಿಸಿ ಇಟ್ಟಿದ್ದಾನೆ. ಒಳಗಿನವರ ನಿಟ್ಟುಸಿರಿಗೂ ಹೊರಗಿನವರ ಚಟ್ನಿಗೂ ನಡುವೆ ಒಂದೇ ಒಂದು ಬಾಗಿಲು. ಮಗಳು ಹಾಸ್ಟೆಲ್ ಸೇರಿದ ಮೇಲೆ ಇರುವುದು ನಾವಿಬ್ಬರೇ, ನಮಗೆ ಅಭ್ಯಾಸವಾಗಿತ್ತು. ಊರಲ್ಲಿ ಅಂಗಳದಾಚೆಯ ಕಕ್ಕಸಿಗೆ ನಸುಕಿನಲ್ಲೇ ಹೋಗಿಬರುತ್ತಿದ್ದ ಚಿಕ್ಕಮ್ಮನಿಗೆ ಮಾತ್ರ, ನಾನು ದೋಸೆ ತಿನ್ನುತ್ತಾ ಕೂತಿರುವಾಗ ಆ ಬಾಗಿಲು ಹಾಕಿಕೊಳ್ಳುವುದು ಸಾಧ್ಯವೇ ಇರಲಿಲ್ಲ. ನಾವು ಕೆಲಸಕ್ಕೆ ಹೊರಡಲಿ ಎಂದು ಕಾಯುತ್ತಿದ್ದಳು. ಅಷ್ಟರಲ್ಲಿ ಬಂದದ್ದು ಹಿಂದೆ ಹೋಗಿರುತ್ತಿತ್ತು. ಮತ್ತೆ ಮತ್ತೆ ಏಳಬೇಕಾಗುತ್ತದೆಂದು ನೀರೂ ಕುಡಿಯುತ್ತಿರಲಿಲ್ಲ. ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ.

"ಒಂದೇ ದೋಸೆ ಯಾಕೆ ಚಿಕ್ಕಮ್ಮ?" ಎಂದು ನಾನು ಕೇಳಿದ್ದಿದೆ.

"ಸಾಕು ಮಾರಾಯ. ಕೂತಲ್ಲೇ ಕೂತವಳಿಗೆ ಎಂತ ಹಸಿವು?"

ಹೊಟ್ಟೆ ಕಲ್ಲಾಗುತ್ತಾ ಬಂತು. ತಿಣುಕಿದರೆ ಕಣ್ಣು ಹೋಗುತ್ತದೆ ಎಂಬ ಹೆದರಿಕೆ ಬೇರೆ. ಒಂದು ಸಂಜೆ ಅವಳು ನಾವೆಲ್ಲ ಚೇಚಿ, ಅಂದರೆ ಅಕ್ಕ, ಎಂದು ಕರೆಯುವ ಪಕ್ಕದ ಫ್ಲಾಟಿನವರ ಹತ್ತಿರ ಗುಟ್ಟಾಗಿ ಭೇದಿ ಗುಳಿಗೆ ಕೇಳಿದಳು. ಮಲಗುವಾಗ ಒಂದೇ ಎಂದು ಹೇಳಿ ಚೇಚಿ ಇಡೀ ಸ್ಟ್ರಿಪ್ಪನ್ನೇ ಕೊಟ್ಟರು. ಚಿಕ್ಕಮ್ಮ ಒಂದು ನುಂಗಿ ಮಲಗಿದಳು. ಬೆಳಿಗ್ಗೆ ಎದ್ದರೆ ಏನೂ ಇಲ್ಲ. ನಾನು ಕೋರ್ಟಿಗೆ ಹೊರಟ ಮೇಲೆ ಇನ್ನೆರಡು ನುಂಗಿದಳು. ಸ್ವಲ್ಪ ಹೊತ್ತು ನೋಡಿ, ಊರಿಂದ ತಂದಿದ್ದ ಹರಳೆಣ್ಣೆಯನ್ನೂ ಕುಡಿದಳು.

ಅಂದು ಕಾಕ್ಕನಾಡಿನ ಆಫೀಸಿಗೆ ಹೋಗದೆ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಅನು ಮಧ್ಯಾಹ್ನ ಫೋನ್ ಮಾಡಿದಳು. "ಬೇಗ ಬನ್ರೀ. ಚಿಕ್ಕಮ್ಮ ಬಾತ್‌ರೂಮಿಂದ ಬರ್ತಾನೇ ಇಲ್ಲ. ಬಾಗಿಲೂ ತೆಗೀತಿಲ್ಲ."

ಓಡಿಬಂದು ಬಾಗಿಲು ಬಡಿದೆ. "ಚಿಕ್ಕಮ್ಮಾ, ಬಿದ್ದಿದ್ದೀಯಾ?"

"ಬಿದ್ದಿಲ್ಲ. ಕೂತಿದ್ದೇನೆ. ಏಳ್ಲಿಕ್ಕೆ ಆಗುದಿಲ್ಲ, ಕಣ್ಣು ಕತ್ತಲೆ ಬರ್ತದೆ. ನೀನು ಹೋಗು." ಕೋರ್ಟನ್ನು ನಡುಗಿಸಿದ ದನಿ ನೂಲಿನ ಹಾಗೆ ಆಗಿತ್ತು.

"ಬಾಗಿಲು ತೆಗಿ."

"ನೀನಿರುವಾಗ ತೆಗಿಯುದಿಲ್ಲ. ಈ ಅವಸ್ಥೆಯಲ್ಲಿ ನನ್ನನ್ನು ನೀನು ನೋಡ್ಬಾರ್ದು."

ಬಾಗಿಲು ಒಡೆಯೋಣವೆಂದರೆ ಅದು ಒಳಕ್ಕೆ ತೆರೆಯುವ ಬಾಗಿಲು. ಅದರ ಹಿಂದೆಯೇ ಆಪರೇಷನ್ ಆದ ಆ ಕಣ್ಣು. ಅನು ನನ್ನ ತೋಳು ಹಿಡಿದು ಮೆಟ್ಟಿಲ ಬಳಿಗೆ ದಬ್ಬಿ, ತಾನು ಬಾತ್‌ರೂಮಿನ ಮುಂದೆ ನೆಲದಲ್ಲಿ ಕೂತಳು. ಮುಂಬಾಗಿಲು ಅರ್ಧ ತೆರೆದಿತ್ತು. ಅವಳ ಮಾತು ನನಗೂ ಕೇಳಿತು.

"ಚಿಕ್ಕಮ್ಮ, ಅವರನ್ನ ಆಚೆ ಕಳಿಸಿದೀನಿ. ನಾನೊಬ್ಬಳೇ. ಮಗಳು ಹುಟ್ಟಿದಾಗ ನನಗೆ ಹೊಲಿಗೆ ಹಾಕಿದ್ರಲ್ಲ, ಎಲ್ಲಿ ಕಿತ್ತುಹೋಗುತ್ತೋ ಅಂತ ಭಯ. ಎಷ್ಟೋ ದಿನ ನಾನು ಹೋಗಲೇ ಇಲ್ಲ. ಒಳಗೆ ಕೂತು ನಲ್ಲಿ ಬಿಟ್ಕೊಂಡು ಅಳ್ತಿದ್ದೆ. ಇವರಿಗೂ ಹೇಳಿರಲಿಲ್ಲ."

ಮೆಟ್ಟಿಲ ಮೇಲೆ ನಿಂತಿದ್ದ ನನಗೆ ಅದು ಹೊಸ ಸುದ್ದಿ. ಇಷ್ಟು ವರ್ಷ ಜೊತೆಗಿದ್ದೂ ತಿಳಿಯದ ಒಂದು ಅಳು.

ಒಳಗಿಂದ ಚಿಕ್ಕಮ್ಮ ಕೇಳಿದಳು, "ಮತ್ತೆ ಎಂತ ಮಾಡಿದ್ದು ನೀನು?"

"ಕೊನೆಗೆ ನರ್ಸಮ್ಮನಿಗೆ ಹೇಳ್ದೆ. ಹೇಳಿದ ಮೇಲೆ ಅರ್ಧ ಭಾರ ಇಳೀತು. ಚಿಲಕ ತೆಗೀರಿ, ನಾನು ಹಿಡ್ಕೋತೀನಿ."

ಚಿಲಕ ಸರಿದ ಸದ್ದು ಕೇಳಿದಾಗ ನಾನು ಮೆಟ್ಟಿಲ ಮೇಲಿಂದಲೇ ಟ್ಯಾಕ್ಸಿಗೆ ಫೋನ್ ಮಾಡಿದೆ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಎಷ್ಟು ಗುಳಿಗೆ ನುಂಗಿದಿರಿ ಅಮ್ಮ ಎಂದು ಡಾಕ್ಟರಮ್ಮ ಮಲಯಾಳದಲ್ಲಿ ಕೇಳಿದರು. ಚಿಕ್ಕಮ್ಮ ಅನುವಿನ ಮುಖ ನೋಡಿದಳು, ಆಮೇಲೆ ಹರಳೆಣ್ಣೆ ಸಮೇತ ಎಲ್ಲವನ್ನೂ ಸಾಕ್ಷಿ ನುಡಿದಂತೆ ಹೇಳಿದಳು. ಡಾಕ್ಟರು ಗದರಲಿಲ್ಲ. ಗುಳಿಗೆ ಕೆಟ್ಟದ್ದಲ್ಲ, ಅಪರೂಪಕ್ಕೆ ಹೇಳಿದಷ್ಟೇ ತೆಗೆದುಕೊಂಡರೆ ಉಪಕಾರಿಯೇ, ಆದರೆ ರಾತ್ರಿ ನುಂಗಿದ್ದಕ್ಕೆ ಕೆಲಸ ಮಾಡಲು ಹೊತ್ತು ಬೇಕು, ತಡವಾಯಿತೆಂದು ಮೇಲೆ ಮೇಲೆ ನುಂಗಿದರೆ ಎಲ್ಲ ಒಟ್ಟಿಗೆ ಎದ್ದು ಮೈಯ ನೀರನ್ನೂ ಉಪ್ಪನ್ನೂ ಬಾಚಿಕೊಂಡು ಹೋಗುತ್ತವೆ ಎಂದರು. ಚಿಕ್ಕಮ್ಮ ತೆಗೆದುಕೊಳ್ಳುವ ಪ್ರೆಶರ್ ಗುಳಿಗೆಯೂ ಮೈಯ ನೀರು ಇಳಿಸುವಂಥದ್ದು. ಅದಕ್ಕೇ ಅಷ್ಟು ಬೇಗ ತಲೆ ತಿರುಗಿದ್ದು. ಬೇರೆ ಔಷಧಿ ನಡೆಯುತ್ತಿರುವವರು ಕೇಳದೆ ಇಂಥದ್ದನ್ನು ಮುಟ್ಟಬಾರದು. ಗುಳಿಗೆಯ ಬದಲು ಇಸಬ್‌ಗೋಲ್ ಹೊಟ್ಟು ತೆಗೆದುಕೊಂಡರೂ ಲೋಟ ತುಂಬ ನೀರು ಕುಡಿಯಲೇಬೇಕು, ಇಲ್ಲದಿದ್ದರೆ ಅದೇ ಒಳಗೆ ಗಟ್ಟಿಯಾಗಿ ಕೂತುಬಿಡುತ್ತದೆ ಎಂದೂ ಹೇಳಿದರು.

"ಹೊಟ್ಟೆ ತುಂಬ ನೋವು, ವಾಂತಿ, ರಕ್ತ, ಇಂಥದ್ದೇನಾದರೂ ಇದ್ದರೆ ಯಾವ ಗುಳಿಗೆಯೂ ಬೇಡ, ನೇರ ಇಲ್ಲಿಗೆ ಬನ್ನಿ. ವಾರವಾದರೂ ಗುಳಿಗೆ ಇಲ್ಲದೆ ಆಗುವುದೇ ಇಲ್ಲ ಎಂದಾದರೂ ಬನ್ನಿ. ನಾಚಿಕೆ ಪಡಬೇಡಿ ಅಮ್ಮ, ನಮಗೆ ದಿನವಿಡೀ ಇದೇ ಮಾತು."

ಕಣ್ಣಿಗೆ ಏನೂ ಆಗಿರಲಿಲ್ಲ. ಅದನ್ನು ಕಣ್ಣಿನ ಡಾಕ್ಟರ ಬಾಯಿಂದ ಕೇಳುವವರೆಗೆ ನಮ್ಮ ಮೂವರಿಗೂ ಅನ್ನ ಸೇರಲಿಲ್ಲ.

ಆಸ್ಪತ್ರೆಯಿಂದ ಬಂದ ಮರುದಿನದಿಂದ ಮನೆಯ ಕ್ರಮ ಬದಲಾಯಿತು. ಬೆಳಿಗ್ಗೆ ಚಿಕ್ಕಮ್ಮನಿಗೆ ಬಿಸಿನೀರು, ಕಾಫಿ. ಅದಾದದ್ದೇ ಅನು ರೇಡಿಯೋ ಜೋರು ಮಾಡುವಳು, ನಾನು ಪೇಪರ್ ಹಿಡಿದು ಕೆಳಗೆ ಪಾರ್ಕಿಂಗಿಗೆ ಇಳಿಯುವೆ. ಬೇರೆಯವರ ಸ್ಕೂಟರಿಗೆ ಒರಗಿ ಓದುತ್ತಾ ನಿಲ್ಲುವ ವಕೀಲನನ್ನು ಕಂಡು ವಾಚ್‌ಮನ್ ಏನು ತಿಳಿದುಕೊಂಡನೋ. ಮೊದಮೊದಲು ಅನು ಫೋನ್ ಮಾಡಿ ಕರೆಯುತ್ತಿದ್ದಳು. ಒಂದು ದಿನ ಬಾಲ್ಕನಿಯಿಂದಲೇ ಎಳೆಯ ವಕೀಲರನ್ನು ನಡುಗಿಸುತ್ತಿದ್ದ ಆ ಹಳೆಯ ದನಿ ಬಂತು: "ಆಯ್ತು ಮಾರಾಯ, ಮೇಲೆ ಬಾ!" ಇಡೀ ಕಟ್ಟಡಕ್ಕೆ ಕೇಳಿರಬೇಕು. ಅಷ್ಟು ಸಂತೋಷದಿಂದ ನಾನು ಯಾವತ್ತೂ ಮೆಟ್ಟಿಲು ಹತ್ತಿದವನಲ್ಲ.

ಮೊನ್ನೆ ಭಾನುವಾರ ತಿರುವನಂತಪುರಕ್ಕೆ ಹೋಗಿದ್ದೆ. ತುಂಬ ಎಂಬಲ್ಲಿನ ರಾಕೆಟ್ ಕೇಂದ್ರದಲ್ಲಿ ವಿಜ್ಞಾನಿಯಾಗಿರುವ ಧಾರವಾಡದ ಗೆಳೆಯನೊಬ್ಬ ಸೊಂಟದ ಮೂಳೆಯ ಆಪರೇಷನ್ ಆಗಿ ಮಲಗಿದ್ದಾನೆ. ನೋಡಲು ಬಂದವರು ಅವನ ಮೂಳೆ, ರಜೆ, ಮಳೆ ಎಲ್ಲವನ್ನೂ ವಿಚಾರಿಸಿ ಹೋದರು. ಅವನು ಎಲ್ಲದಕ್ಕೂ ಹೂಂ ಎನ್ನುತ್ತಿದ್ದ. ತಟ್ಟೆಯ ಇಡ್ಲಿ ಮುಟ್ಟಿರಲಿಲ್ಲ. ಎಲ್ಲರೂ ಹೋದ ಮೇಲೆ ನಾನು ಕುರ್ಚಿಯನ್ನು ಹತ್ತಿರ ಎಳೆದುಕೊಂಡೆ.

"ನೋವಿನ ಮಾತ್ರೆ ತಿಂತಿದ್ದೀಯ, ಮಲಗಿದಲ್ಲೇ ಇದ್ದೀಯ. ಹೊಟ್ಟೆ ಸರಿಯಾಗಿ ಹೋಗ್ತದಾ?"

ಅವನು ನನ್ನನ್ನೇ ನೋಡಿದ. ಆಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡು ಮೆಲ್ಲಗೆ ಹೇಳಿದ.

"ಆ ಬಾಗಲಾ ಹಾಕಿ ಬಾರೋ, ಹೇಳ್ತೀನಿ."