ವಸುಮತಿಯ ಪೆಟ್ಟಿಗೆ

ಕಡಬದ ವಸುಮತಿ ಸಿಟ್ಟು ಬಂದರೆ ಕಂಪ್ಯೂಟರಿಗೂ ಬೈಯುತ್ತಾಳೆ, ಮಂತ್ರಿಗೂ ಬೈಯುತ್ತಾಳೆ. ಪುತ್ತೂರಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತ, ಮನೆಯಲ್ಲಿ ಕೂತು ಪಿಎಚ್‌ಡಿಗೆ ಹೆಣಗುತ್ತಿದ್ದಳು. ಕಾಡಂಚಿನ ಮನೆಗಳಿಗೂ ಸಿಗ್ನಲ್ ಮುಟ್ಟಿಸುವ ಆಂಟೆನಾವನ್ನು ಕಂಪ್ಯೂಟರಿನೊಳಗೆ ಕಟ್ಟಿ, ಅಲೆ ಹೇಗೆ ಹರಡುತ್ತದೆಂದು ಲೆಕ್ಕ ಹಾಕುವುದು ಅವಳ ಕೆಲಸ.

ಕಂಪ್ಯೂಟರಿಗೆ ಇಡೀ ಆಕಾಶ ಕೊಡಲಾಗದು. ಆಂಟೆನಾದ ಸುತ್ತ ಒಂದು ಪೆಟ್ಟಿಗೆ ಎಳೆದು, ಲೋಕ ಇಷ್ಟೇ ಎಂದು ನಂಬಿಸಬೇಕು. ಪೆಟ್ಟಿಗೆಯ ಗೋಡೆ ಬಂದ ಅಲೆಯನ್ನು ನುಂಗಿಬಿಡಬೇಕು. ಹಿಂದಕ್ಕೆ ಎಸೆದರೆ, ಬಚ್ಚಲುಮನೆಯ ಹಾಡಿನಂತೆ ಅಲೆ ಒಳಗೇ ಮೊಳಗುತ್ತದೆ. ಅಲ್ಲಿ ಎಂಥ ಕತ್ತೆಯೂ ಗಾಯಕನೇ. ತೀರ ಹತ್ತಿರದ ಗೋಡೆ ಸರಿಯಾಗಿ ನುಂಗುವುದಿಲ್ಲ; ದೂರವಿದ್ದರೆ ಒಳ್ಳೆಯದು, ಆದರೆ ಪೆಟ್ಟಿಗೆ ದೊಡ್ಡದಾದಷ್ಟೂ ಲೆಕ್ಕ ನಿಧಾನ. ನಮ್ಮಲ್ಲೋ, ಮೋಡ ಕಂಡರೆ ಸಾಕು, ಕರೆಂಟು ಹೋಗುತ್ತದೆ. ಮತ್ತೆ ಎಲ್ಲ ಮೊದಲಿನಿಂದ. ಬೇಸತ್ತ ವಸುಮತಿ ಗೋಡೆಗಳನ್ನು ಆಂಟೆನಾದ ಮೈಗೆ ಅಂಟುವಷ್ಟು ಹತ್ತಿರ ತಂದಳು. ಕರೆಂಟು ಹೋಗುವ ಮೊದಲೇ ಲೆಕ್ಕ ಮುಗಿಯಿತು. ಗ್ರಾಫಿನಲ್ಲಿ, ಬೇಕಾದ ಜಾಗದಲ್ಲೇ, ನೆಟ್ಟನೆಯ ಒಂದು ಶಿಖರ, ಅಂದರೆ ಆಂಟೆನಾ ಗೆದ್ದಿತು!

ಗೈಡ್ ಸರ್ವೋತ್ತಮ ಸರ್ ಹಿಗ್ಗಿದರು. ಗಂಡ ಶ್ರೀಶ ಇನ್ನೂ ಹಿಗ್ಗಿ, ಪ್ರಬಂಧ ಸಲ್ಲಿಸುವ ಮೊದಲೇ ಪೇಟೆಯಲ್ಲಿ ಫ್ಲೆಕ್ಸ್ ಕಟ್ಟಿಸಿದ: ‘ಡಾ. ವಸುಮತಿಗೆ ಅಭಿನಂದನೆ’. ಪಕ್ಕದಲ್ಲಿ ಅದೇ ಶಿಖರ. ನಮ್ಮೂರಿನಲ್ಲಿ ಫ್ಲೆಕ್ಸ್ ಮೊದಲು, ಸಾಧನೆ ಆಮೇಲೆ.

ದಿನಾ ಬಸ್ಸಿನಿಂದ ಅದನ್ನು ನೋಡಿ ನೋಡಿ ವಸುಮತಿಗೇ ಅನುಮಾನ ಹುಟ್ಟಿತು. ಒಂದು ರಜೆಯಲ್ಲಿ ಖಾಲಿ ಸಿಕ್ಕ ಕಾಲೇಜಿನ ಲ್ಯಾಬಿನಲ್ಲಿ ಪೆಟ್ಟಿಗೆಯನ್ನು ದೊಡ್ಡದು ಮಾಡಿ ನೋಡಿದಳು. ಶಿಖರ ಪಕ್ಕಕ್ಕೆ ಜಾರಿತು. ಇನ್ನೂ ದೊಡ್ಡದು ಮಾಡಿದಳು, ಮಾಯವೇ ಆಯಿತು. ಅದು ಆಂಟೆನಾದ ಗುಣವಲ್ಲ, ಗೋಡೆಯ ಚೇಷ್ಟೆ. ಅಲ್ಲೇ ಕೂತು ಅತ್ತಳು.

“ಪೆಟ್ಟಿಗೆ ಅಳೀಲಿಕ್ಕೆ ಯಾರು ಬರ್ತಾರೆ ಮಾರಾಯ್ರೆ? ಸಲ್ಲಿಸಿಬಿಡಿ. ಇಲ್ಲದಿದ್ರೆ ಇನ್ನೊಂದು ವರ್ಷ ಹೋಗ್ತದೆ,” ಎಂದರು ಸರ್ವೋತ್ತಮ ಸರ್.

“ಹೋಗ್ಲಿ ಸರ್. ಇದನ್ನು ನಂಬಿ ಯಾರಾದ್ರೂ ಆಂಟೆನಾ ಮಾಡಿ ಮರಕ್ಕೆ ಕಟ್ಟಿದ್ರೆ ಎಂತ ಸಿಗುದು? ಕಾಗೆಗೆ ಕೂತ್ಕೊಳ್ಳಿಕ್ಕೆ ಜಾಗ.”

ಶ್ರೀಶನಿಗೆ ಬೇರೆಯೇ ಸಂಕಟ. “ಊರವರಿಗೆ ಎಂತ ಹೇಳುದು ಮಾರಾಯ್ತಿ? ಫ್ಲೆಕ್ಸ್ ಉಂಟಲ್ಲ!”

“ಇಳಿಸಿ ಕಟ್ಟಿಗೆಗೆ ಮುಚ್ಚಿ.”

ಮೊನ್ನೆ ನಾನು ಅವಳ ಮನೆಗೆ ಹೋದಾಗ ಹಿತ್ತಿಲಿನ ಕಟ್ಟಿಗೆಯ ಮೇಲೆ ‘ಡಾ.’ ಅಂಗಾತ ಮಲಗಿತ್ತು. ಒಳಗೆ ದೊಡ್ಡ ಪೆಟ್ಟಿಗೆಯ ಲೆಕ್ಕ ನಡೆಯುತ್ತಿತ್ತು. ಮುಗಿಯಲು ಸ್ವಲ್ಪವೇ ಬಾಕಿ ಇರುವಾಗ ಗುಡುಗಿತು, ಕರೆಂಟು ಹೋಯಿತು. ವಸುಮತಿಯ ಬಾಯಿಂದ ಅಚ್ಚು ಹಾಕಲಾಗದ ಮಾತು ಬಂತು. ಕರೆಂಟು ಬಂದದ್ದೇ, ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದಳು.

“ಪೆಟ್ಟಿಗೆ ಒಂಚೂರು ಚಿಕ್ಕದು ಮಾಡ್ಲಿಕ್ಕಾಗುದಿಲ್ವಾ?” ಎಂದೆ.

ಆ ದಿನದ ಉಳಿದ ಬೈಗುಳವೆಲ್ಲ ನನ್ನ ಪಾಲಿಗೆ ಬಂತು.